ಗುನಿಲ್ಲಾ ಹಾಡಿದ್ದ ಕ್ಯಾಸೆಟ್

ಗೋಥೆನ್‌ಬರ್ಗ್‌ನಲ್ಲಿ ಟ್ರಾಮ್ ಓಡಿಸುವ ರೋಲ್ಫ್‌ಗೆ ಊರಿನ ಗುರುತುಗಳೆಲ್ಲ ಬೇರೆ. ಈ ತಿರುವಿನಲ್ಲಿರುವುದು ಹಳೆಯ ಹಗ್ಗದ ಕಾರ್ಖಾನೆ. ಅಲ್ಲಿ ಒಮ್ಮೆ ಕರೆಂಟು ಹೋದಾಗ ‘ವೋಟಾ ಕಾರ್ಟೊಂಗೆರ್’ ಎಂಬ ಸಂಗೀತ ತಂಡದವರು ಮೈಕಿಲ್ಲದೆ ಉಳಿದ ಅರ್ಧ ಹಾಡು ಮುಗಿಸಿದ್ದರು. ಆ ನಿಲ್ದಾಣದ ಎದುರಿನ ನೆಲಮಾಳಿಗೆಯಲ್ಲಿ ಅವರ ಡ್ರಮ್‌ನವಳು ಜ್ವರದಲ್ಲೇ ಬಾರಿಸಿದ್ದಳು. ತಂಡದ ಹೆಸರಿಗೆ ‘ನೆಂದ ರಟ್ಟಿನ ಡಬ್ಬಗಳು’ ಎಂದು ಅರ್ಥ. ಇಂಥ ಹೆಸರಿಟ್ಟುಕೊಂಡವರನ್ನು ರೇಡಿಯೊದವರು ಮೂಸಿಯೂ ನೋಡಲಿಲ್ಲ. ನೋಡದಿದ್ದರೆ ಅವರಿಗೇ ನಷ್ಟ ಎಂದು ರೋಲ್ಫ್ ಇವತ್ತಿಗೂ ಹೇಳುತ್ತಾನೆ. ಕೆಂಪು ದೀಪ ಬಿದ್ದು ಟ್ರಾಮ್ ನಿಂತರೆ ಸಾಕು, ಅವನ ಬೆರಳುಗಳು ಅವರ ಹಾಡಿಗೆ ತಾಳ ಹಾಕತೊಡಗುತ್ತವೆ.

ಅವನು ಬರೀ ಕೇಳುಗನಾಗಿರಲಿಲ್ಲ, ಅವರ ಸಂಗೀತ ಕಛೇರಿಗಳನ್ನು ಕದ್ದು ರೆಕಾರ್ಡ್ ಮಾಡುತ್ತಿದ್ದ. ಕೋಟಿನ ಒಳಜೇಬಿನಲ್ಲಿ ಯಂತ್ರ, ಉಣ್ಣೆ ಟೋಪಿಯ ಎರಡೂ ಬದಿಗೆ ಹೊಲಿದ ಪುಟ್ಟ ಮೈಕುಗಳು. ಹೊಲಿದುಕೊಟ್ಟವಳು ಹೆಂಡತಿ ಗುನಿಲ್ಲಾ. ಬೇಸಿಗೆಯ ಧಗೆಯಲ್ಲೂ ಆ ಟೋಪಿ ಹಾಕಿಕೊಂಡು ಬೆವರು ಸುರಿಸುತ್ತ ನಿಂತಿರುತ್ತಿದ್ದ. ಈ ಕೆಲಸದವರದ್ದೇ ಒಂದು ಬಳಗವಿದೆ, ಅದಕ್ಕೊಂದು ಕಟ್ಟಳೆಯೂ ಇದೆ. ಕ್ಯಾಸೆಟ್ಟನ್ನು ಮಾರಬಾರದು, ಪರಸ್ಪರ ಹಂಚಿಕೊಳ್ಳಬೇಕು. ರೆಕಾರ್ಡ್ ಮಾಡುವಾಗ ಚಪ್ಪಾಳೆ ತಟ್ಟಬಾರದು, ಹಾಡಬಾರದು, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಹಾಡಿನೆದುರು ಗೂಟದ ಹಾಗೆ ನಿಲ್ಲುವ ಜನ ಇವರು.

ಗುನಿಲ್ಲಾ ಆ ಜಾತಿಯವಳಲ್ಲ. ಮೀನು ಮಾರುಕಟ್ಟೆಯಲ್ಲಿ ಗಿರಾಕಿಗಳನ್ನು ಕೂಗಿ ಕೂಗಿ ಪಳಗಿದ ಗಂಟಲು. ಶ್ರುತಿಗೂ ಅವಳಿಗೂ ಆಗಿಬರುತ್ತಿರಲಿಲ್ಲ, ತಾಳಕ್ಕಂತೂ ಯಾವಾಗಲೂ ಅರ್ಧ ಹೆಜ್ಜೆ ಹಿಂದೆ. ಆದರೆ ಹಾಡದೆ ಇರಲಾರಳು. ಹಗ್ಗದ ಕಾರ್ಖಾನೆಯಲ್ಲಿ ನಡೆದ ಒಂದು ಕಛೇರಿಯಲ್ಲಿ, ರೋಲ್ಫ್‌ಗೆ ಎಲ್ಲಕ್ಕಿಂತ ಇಷ್ಟವಾದ ದೋಣಿಯ ಹಾಡು ಶುರುವಾಗುತ್ತಿದ್ದಂತೆ ಅವನ ಕಿವಿಯ ಪಕ್ಕದಲ್ಲೇ ದನಿ ಎತ್ತಿದಳು. ಅವನು ಗದರಿಸಿ ಬಾಯಿ ಮುಚ್ಚಿಸಿದ. ಹಾಡು ಮುಗಿದ ಮೇಲೆ ಯಂತ್ರ ನಿಲ್ಲಿಸಿ ಮತ್ತೆ ರೇಗಿದ.

“ನಿನಗೇನು ಬುದ್ಧಿ ಇಲ್ವೇನೇ? ರೆಕಾರ್ಡ್ ಆಗ್ತಿತ್ತು!”

“ಆಗ್ಲಿ ಬಿಡು. ನಾನೂ ಟಿಕೆಟ್ ತಗೊಂಡೇ ಬಂದಿರೋದು. ನಿನ್ನ ಟೋಪಿ ಕಾಯೋಕೆ ಬಂದಿದೀನಾ?”

“ಬಳಗದೋರು ಇದನ್ನ ಕೇಳಿದ್ರೆ ಏನಂತಾರೆ?”

“ರೋಲ್ಫ್‌ನ ಹೆಂಡ್ತಿಗೆ ಜೀವ ಇದೆ ಅಂತಾರೆ, ನಿನ್ನ ಥರ ಅಲ್ಲ ಅಂತಾರೆ!” ಎಂದು ನಕ್ಕಳು.

ಜಗಳವೇನೂ ಬೆಳೆಯಲಿಲ್ಲ. ಆದರೆ ಮುಂದಿನ ಕಛೇರಿಯಿಂದ ಅವಳು ಹಾಲ್‌ನ ಆಚೆ ಬದಿಗೆ ಹೋಗಿ ನಿಲ್ಲತೊಡಗಿದಳು. ಇವನು ಈಚೆ, ಅವಳು ಆಚೆ. ಮನೆಗೆ ಹೋಗುವ ಟ್ರಾಮಿನಲ್ಲಿ ಮತ್ತೆ ಜೊತೆ. ರೋಲ್ಫ್‌ನ ಕ್ಯಾಸೆಟ್ಟುಗಳು ಬಳಗದಲ್ಲಿ ಹೆಸರು ಮಾಡಿದವು. ಕೆಟ್ಟುಹೋದ ಆ ಒಂದನ್ನು ಮಾತ್ರ ಬಳಗದ ಟೊರ್ಡ್ ಎಂಬ ಗೆಳೆಯನಿಗೆ ಅಂಚೆಯಲ್ಲಿ ಕಳಿಸಿಬಿಟ್ಟ. ಜೊತೆಗೆ ಒಂದು ಸಾಲು ಬರೆದ: ಯಾರೋ ಒಬ್ಬಳು ಹಾಡಿ ಕೆಡಿಸಿದ್ದಾಳೆ, ಬೇಕಿದ್ದರೆ ಇಟ್ಟುಕೋ. ಯಾರೋ ಒಬ್ಬಳಂತೆ! ಕಟ್ಟಿಕೊಂಡ ಹೆಂಡತಿ.

ಹೋದ ವರ್ಷ ಗುನಿಲ್ಲಾ ತೀರಿಕೊಂಡಳು. ಫೋಟೊಗಳು ಬೇಕಾದಷ್ಟಿದ್ದವು. ಫೋನಿನಲ್ಲಿ ಅವಳ ಮಾತಿನ ಒಂದೆರಡು ತುಣುಕುಗಳೂ ಇದ್ದವು: ಹಾಲು ತಗೊಂಡು ಬಾ, ಬಾಗಿಲು ಹಾಕಿದ್ಯಾ. ಹಾಡು ಮಾತ್ರ ಎಲ್ಲೂ ಇರಲಿಲ್ಲ. ಮನೆ ತುಂಬ ಕ್ಯಾಸೆಟ್ಟು. ಒಂದೊಂದನ್ನೇ ಹಾಕಿಕೊಂಡು, ಆಚೆ ಬದಿಯಿಂದ ಅವಳ ದನಿಯ ಚೂರಾದರೂ ತೇಲಿಬಂದೀತೇ ಎಂದು ಕಿವಿಗೊಟ್ಟು ಕೂತ. ಎಲ್ಲವೂ ಶುದ್ಧ, ಎಲ್ಲವೂ ಚೊಕ್ಕ. ತನ್ನ ಕೈಚಳಕದ ಮೇಲೆ ಅವನಿಗೇ ಹೇಸಿಗೆ ಹುಟ್ಟಿತು. ಅಪಶ್ರುತಿಯ ಆ ಕೂಗಿಗಾಗಿ ಅವನ ಜೀವ ಹಾತೊರೆಯಿತು. ಕೊನೆಗೆ ಟೊರ್ಡ್‌ಗೆ ಫೋನ್ ಮಾಡಿದ.

“ಹಗ್ಗದ ಕಾರ್ಖಾನೆದು ತಾನೇ? ಇದೆ ಮಾರಾಯ! ಶನಿವಾರ ಮನೆಗೇ ಬಾ. ನಿನಗೊಂದು ಆಶ್ಚರ್ಯ ಇಟ್ಟಿದೀನಿ,” ಎಂದ ಟೊರ್ಡ್.

ಶನಿವಾರ ರೋಲ್ಫ್ ಗಡ್ಡ ಹೆರೆದುಕೊಂಡ, ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಟ್ರಾಮಿನಲ್ಲಿ ಪ್ರಯಾಣಿಕರ ಸೀಟಿನಲ್ಲಿ ಕೂತು ಹೋಗುವಾಗ ಹುಡುಗಿಯನ್ನು ನೋಡಲು ಹೊರಟ ಹುಡುಗನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ದಾರಿಯುದ್ದಕ್ಕೂ ದೋಣಿಯ ಹಾಡನ್ನೇ ಗುನುಗಿದ, ಬೇಕೆಂದೇ ಅರ್ಧ ತಾಳ ತಡವಾಗಿ.

ಟೊರ್ಡ್ ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ಮುಂದೆ ತಳ್ಳಿದ. ಅವನ ಮುಖ ಅರಳಿತ್ತು.

“ಆವತ್ತು ಯಾರೋ ಅರಚಿ ಕೆಡಿಸಿದ್ಲು ಅಂತ ಬರ್ದಿದ್ಯಲ್ಲ? ಅವಳನ್ನ ಪೂರ್ತಿ ತೆಗ್ದುಹಾಕಿದೀನಿ ಕಣೋ! ಕಂಪ್ಯೂಟರ್‌ನಲ್ಲಿ ಕೂತು, ಒಂದೊಂದೇ ಅಕ್ಷರ. ಈ ಚಳಿಗಾಲ ಪೂರ್ತಿ ಇದೇ ಕೆಲ್ಸ.”

ರೋಲ್ಫ್ ಎತ್ತಿಕೊಂಡ ಬನ್ನನ್ನು ತಟ್ಟೆಗೆ ವಾಪಸ್ಸಿಟ್ಟ. “ಮೂಲ ಕ್ಯಾಸೆಟ್ ಎಲ್ಲಿ?”

“ಟೇಪು ಅಂಟಂಟಾಗಿತ್ತು. ಕಂಪ್ಯೂಟರಿಗೆ ಹಾಕ್ಕೊಂಡು ಮುಗಿಸೋ ಹೊತ್ತಿಗೆ ಹರಿದುಹೋಯ್ತು. ಎಸೆದೆ.”

“ಕಂಪ್ಯೂಟರ್‌ನಲ್ಲಿ ಹಾಕ್ಕೊಂಡಿದ್ದು? ಅವಳು ಇರೋದು?”

“ಅದನ್ನ ಇಟ್ಕೊಂಡು ಏನ್ಮಾಡ್ಲಿ? ಅಳಿಸಿಬಿಟ್ಟೆ. ಯಾಕೋ ಹಾಗೆ ನೋಡ್ತೀಯ? ಕೇಳು ಮೊದ್ಲು!”

ರೋಲ್ಫ್ ಹಾಕು ಎಂದು ಕೈಸನ್ನೆ ಮಾಡಿದ. ಗಿಟಾರು ಮೊದಲಾಯಿತು, ಹಿಂದೆಯೇ ಡ್ರಮ್ಮು. ಅವಳು ದನಿ ಎತ್ತಿದ್ದ ಜಾಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡ. ಆ ಜಾಗ ಬಂತು, ಹೋಯಿತು. ಗಾಯಕನ ದನಿಯ ಪಕ್ಕದಲ್ಲಿ ಯಾರೂ ಇರಲಿಲ್ಲ. ಇನ್ನೂ ಒಂದೆರಡು ಸಾಲು ಕಳೆದಮೇಲೆ, ಕಿವಿಗೆ ಅಂಟಿಕೊಂಡಷ್ಟು ಹತ್ತಿರದಲ್ಲಿ, ಸಿಡುಕಿನ ಒಂದು ಸದ್ದು: “ಶ್! ಬಾಯ್ಮುಚ್ಚೇ!”

“ಛೆ, ಇದೊಂದು ಮಾತ್ರ ಹೋಗ್ಲಿಲ್ಲ ನೋಡು,” ಎಂದ ಟೊರ್ಡ್. “ಯಾವನೋ ದರಿದ್ರದವನು ಮೈಕಿನ ಬುಡದಲ್ಲೇ ನಿಂತು ಗದರಿಸಿದಾನೆ.”

“ನಾನೇ ಅದು,” ಎಂದ ರೋಲ್ಫ್.

ಅಲ್ಲಿಂದ ಮುಂದೆ ಹಾಡು ಕೊನೆಯವರೆಗೂ ಚೊಕ್ಕವಾಗಿ ಕೇಳಿಸಿತು.