ಕೈಕಾಲು ಗಟ್ಟಿ ಇದ್ದ ಮನುಷ್ಯ

ಜಾಬರ್ ಮಾವನ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಾಗಿ ಅಲ್ಲ, ಅವರಿಗಾಗ ನಲವತ್ತೂ ತುಂಬಿರಲಿಲ್ಲ. ಬಟ್ಟೆ ಮಿಲ್ಲಿನ ನೇಯ್ಗೆ ಖಾತೆಯಲ್ಲಿ ಹತ್ತಿಯ ಧೂಳು ಗಾಳಿಯಲ್ಲಿ ತೇಲಿಬಂದು ಹುಬ್ಬು, ಮೀಸೆ, ಕಿವಿಯ ಕೂದಲಿನ ಮೇಲೆಲ್ಲ ಕೂರುತ್ತಿತ್ತು. ಪಾಳಿ ಮುಗಿಸಿ ಆನೆಕೊಂಡದ ನಮ್ಮ ಓಣಿಗೆ ಬಂದು, ಕಟ್ಟೆಯ ಮೇಲೆ ಕೂತು, ಒದ್ದೆ ಟವೆಲ್ಲಿನಿಂದ ಮುಖ ಒರೆಸಿಕೊಂಡ ಮೇಲೇ ಅವರು ಮತ್ತೆ ಹರೆಯದವರಾಗಿ ಕಾಣುತ್ತಿದ್ದರು.

ಜಾಬರ್ ಎಂದರೆ ಮಗ್ಗಗಳ ಒಂದು ಸಾಲಿನ ಉಸ್ತುವಾರಿ ನೋಡುವವನು. ಮಗ್ಗ ಕೆಟ್ಟರೆ ಸರಿಮಾಡುವ ಹೊಣೆಯೂ ಅವನದೇ. ಮಾವ ಕೆಟ್ಟ ಮಗ್ಗವನ್ನು ಮುಟ್ಟುವ ಮುಂಚೆ ಎಡಗಿವಿಯನ್ನು ಅದರ ಹತ್ತಿರ ಒಯ್ದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರಂತೆ. ನೂರಾರು ಮಗ್ಗಗಳ ಆರ್ಭಟದ ನಡುವೆ ಆ ಒಂದರ ಸದ್ದು ಅವರಿಗೆ ಹೇಗೆ ಕೇಳುತ್ತಿತ್ತೋ ಕಾಣೆ. "ಅದು ಏನಾಗೈತಿ ಅಂತ ಅದೇ ಹೇಳ್ತೈತಿ, ಕೇಳೋ ತಾಳ್ಮೆ ಬೇಕಷ್ಟೆ," ಎನ್ನುತ್ತಿದ್ದರು. ದಿನವಿಡೀ ಗದ್ದಲದಲ್ಲಿದ್ದವರಾದರೂ ಮನೆಯಲ್ಲಿ ಅವರ ದನಿ ಬಹಳ ಮೆತ್ತಗೆ. ನನಗೆ ಸಂಬಂಧದಲ್ಲಿ ಮಾವನೇನಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಹಾಗಾಗಿ ಅವರು ಮಾವ, ಅವರ ಹೆಂಡತಿ ಅತ್ತೆ.

ಮೆಟ್ರಿಕ್ ಮುಗಿಸಿ ಕೂತಿದ್ದ ನನ್ನನ್ನು ಮಿಲ್ಲಿನ ದವಾಖಾನೆಯಲ್ಲಿ ಗುಮಾಸ್ತನಾಗಿ ಸೇರಿಸಿದವರು ಅವರೇ. ಡಾಕ್ಟರು ಹೇಳಿದ್ದನ್ನು ಕಾಗದದ ಮೇಲೆ ಬರೆದು ಅವರ ಸಹಿಗೆ ಇಡುವುದು ನನ್ನ ಕೆಲಸ. ಆ ಕೆಲಸ ಕೊಡಿಸಿದ್ದಕ್ಕೆ ಪ್ರತಿಯಾಗಿ ನಾನು ಅವರಿಗೆ ಏನು ಮಾಡಿದೆ ಎನ್ನುವುದನ್ನು ಈಗ ಹೇಳಬೇಕು.

ಐವತ್ತರ ದಶಕದ ನಡುವಿನ ಒಂದು ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಮಾವ ಮಾತು ಕಡಿಮೆ ಮಾಡಿದರು. ಆಮೇಲೆ ಊಟ ಕಡಿಮೆಯಾಯಿತು. ಒಂದು ದಿನ ಬೆಳಗ್ಗೆ ಅಂಗಿಯ ಒಂದು ತೋಳು ಹಾಕಿಕೊಂಡವರು ಇನ್ನೊಂದು ತೋಳು ಹಾಕಿಕೊಳ್ಳದೆ ಮಧ್ಯಾಹ್ನದವರೆಗೂ ಹಾಗೇ ಕೂತಿದ್ದರು. ಓಣಿಯವರು ಕಾರಣ ಹುಡುಕಿದರು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಜಗಳವಾಗಿರಲಿಲ್ಲ. ಕಾರಣ ಸಿಗದಿದ್ದಾಗ ಇದೆಲ್ಲ ನಾಟಕ ಎಂದವರೂ ಇದ್ದರು. ಹತ್ತು ದಿನ ಕೆಲಸಕ್ಕೆ ಹೋಗದ ಮೇಲೆ ಮಿಲ್ಲಿನಿಂದ ಕರೆ ಬಂತು. ಅತ್ತೆ ಅವರ ಕೈ ಹಿಡಿದುಕೊಂಡೇ ದವಾಖಾನೆಗೆ ಕರೆತಂದರು.

ಡಾಕ್ಟರು ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ. ನಾಡಿ ನೋಡಿದರು. ನಾಲಿಗೆ ಚಾಚಿಸಿದರು. ಮಂಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಮುಷ್ಟಿ ಹಿಡಿಸಿ ಬಿಡಿಸಿದರು. ಇವತ್ತು ಯಾವ ವಾರ ಎಂದು ಕೇಳಿದರು. ಮಾವ ಬಹಳ ಹೊತ್ತಿನ ಮೇಲೆ "ಮಂಗಳವಾರ" ಎಂದರು. ಅದು ಸರಿಯಿತ್ತು. ಅಷ್ಟಕ್ಕೇ ಪರೀಕ್ಷೆ ಮುಗಿಯಿತು. ಹೊರಗೆ ಕಾದಿದ್ದ ಹುಣ್ಣು, ಕೆಮ್ಮು, ಜ್ವರದವರಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

"ಕೈಕಾಲು ಗಟ್ಟಿ ಇದಾವೆ, ಬುದ್ಧಿ ನೆಟ್ಟಗಿದೆ. ಕೆಲಸಕ್ಕೆ ಯೋಗ್ಯ ಅಂತ ಬರಿ," ಎಂದು ಡಾಕ್ಟರು ನನ್ನ ಕಡೆ ತಿರುಗಿದರು.

ಅತ್ತೆ ಬಾಗಿಲ ಬಳಿ ನಿಂತಿದ್ದವರು ಒಂದು ಹೆಜ್ಜೆ ಮುಂದೆ ಬಂದರು. "ಕೈಕಾಲು ನೋಡಿದ್ರಿ ಸಾಹೇಬ್ರ. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋಕೆ ಇವರಿಗೆ ಎಷ್ಟೊತ್ತು ಹಿಡೀತೈತಿ ಅಂತ ನನ್ನ ಕೇಳಿದ್ರೇನು? ಒಂದು ತುತ್ತು ಬಾಯಿಗಿಟ್ರೆ ನುಂಗೋದು ಮರೀತಾರೆ. ಇಂಥೋರನ್ನ ಮಗ್ಗದ ಮುಂದೆ ನಿಲ್ಲಿಸ್ತೀರೇನು?"

ಕಾಯಿಲೆಯ ವಿಷಯ ರೋಗಿಯನ್ನು ಕೇಳಬೇಕು, ಹೆಂಡತಿಯನ್ನಲ್ಲ ಎಂದು ಡಾಕ್ಟರು ಹೇಳಿದರು. ರೋಗಿ ನೆಲ ನೋಡುತ್ತ ಕೂತಿದ್ದರು. ನಾನು 'ಯೋಗ್ಯ' ಎಂದು ಬರೆದೆ.

ಮರುದಿನ ಮಾವ ಪಾಳಿಗೆ ಹೋದರು. ದಾರ ಹರಿದು ನಿಂತ ಮಗ್ಗದ ಮುಂದೆ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು, ಊಟದ ಗಂಟೆಯವರೆಗೂ ಅಲುಗದೆ ನಿಂತಿದ್ದರಂತೆ. ಕೆಲವರು ನಕ್ಕರು, ಕೆಲವರು ಬೇರೆ ಕಡೆ ಮುಖ ಮಾಡಿದರು. ಮೂರು ದಿನ ಹೀಗೇ ನಡೆಯಿತು.

ನಾಲ್ಕನೆಯ ದಿನ ಅತ್ತೆ ಅವರನ್ನು ರೈಲು ಹತ್ತಿಸಿ ತಮ್ಮ ತವರಾದ ಹರಿಹರಕ್ಕೆ ಕರೆದೊಯ್ದರು. ಜೊತೆಗೆ ನಾನೂ ಹೋದೆ. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಅವರು ಮಂಡಿಗೆ ಸುತ್ತಿಗೆ ತಟ್ಟಲಿಲ್ಲ. ಮಾವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಉತ್ತರ ಬರುವ ತನಕ ಕಾದರು. ಅತ್ತೆಯನ್ನು ಬೇರೆಯಾಗಿ ಕರೆದು, ಮುಂಚೆ ಏನೇನು ಮಾಡುತ್ತಿದ್ದರು, ಈಗ ಯಾವುದು ಆಗುತ್ತಿಲ್ಲ, ನಿದ್ದೆ ಎಷ್ಟು ಎಂದೆಲ್ಲ ಕೇಳಿದರು. ಒಂದು ವಾರ ಬಿಟ್ಟು ಮತ್ತೆ ಬರಹೇಳಿದರು, ಮತ್ತೊಂದು ವಾರ ಬಿಟ್ಟು ಇನ್ನೊಮ್ಮೆ. ಮೂರನೆಯ ಸಲ ಒಂದು ಪತ್ರ ಬರೆದುಕೊಟ್ಟರು: ಇದು ಮನಸ್ಸಿನ ಕಾಯಿಲೆ, ಸೋಗಲ್ಲ. ಸದ್ಯಕ್ಕೆ ಯಂತ್ರದ ಮುಂದೆ ನಿಲ್ಲಿಸುವುದು ಅಪಾಯ. ಆರು ತಿಂಗಳೋ ಒಂದು ವರ್ಷವೋ ಬಿಡುವು ಕೊಟ್ಟರೆ ಗುಣವಾಗುವ ಭರವಸೆಯಿದೆ.

ಆ ಪತ್ರವನ್ನು ನಾನೇ ನಮ್ಮ ಡಾಕ್ಟರ ಮೇಜಿನ ಮೇಲಿಟ್ಟೆ. ಓದಿ, "ಜ್ವರವಿಲ್ಲ, ಗಾಯವಿಲ್ಲ, ಇದೆಂಥ ಕಾಯಿಲೆ?" ಎಂದು ಫೈಲಿಗೆ ಸೇರಿಸಿದರು. ರಜೆ ಸಿಗಲಿಲ್ಲ. ತಿಂಗಳು ಕಳೆಯುವುದರೊಳಗೆ ಕೆಲಸಗಳ್ಳತನ ಎಂದು ಕಾರಣ ಕೊಟ್ಟು ಮಾವನನ್ನು ತೆಗೆದುಹಾಕಿದರು. ಹದಿನೆಂಟು ವರ್ಷ ದುಡಿದವರನ್ನು.

ಹರಿಹರದ ಡಾಕ್ಟರು ಹೇಳಿದ್ದು ನಿಜವಾಯಿತು. ಸುಮಾರು ಒಂದು ವರ್ಷದ ಮೇಲೆ ಒಂದು ಸಂಜೆ ಮಾವ ಕಟ್ಟೆಯ ಮೇಲೆ ಕೂತು, "ಈಗ ನನ್ನ ಒಂಬತ್ತನೇ ಸಾಲಿನ ಮಗ್ಗ ಯಾರು ನೋಡ್ತಾರ?" ಎಂದು ನನ್ನನ್ನು ಕೇಳಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ತಿಂಗಳೊಪ್ಪತ್ತಿನಲ್ಲಿ ಅವರು ಮೊದಲಿನಂತಾದರು. ಮಿಲ್ಲಿನಲ್ಲಿ ಜಾಬರ್‌ಗಳ ಕೊರತೆಯಿತ್ತು. ನೇಯ್ಗೆ ಖಾತೆಯವರೇ ಬನ್ನಿ ಎಂದರು. ಡಾಕ್ಟರ ಒಂದು ಸರ್ಟಿಫಿಕೇಟ್ ಸಾಕಿತ್ತು.

ಅವತ್ತು ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಟ್ಟರು. ಡಾಕ್ಟರು ಫೈಲು ತರಿಸಿದರು. ಹಿಂದೆ ತಾವೇ ಕಸದಂತೆ ಕಂಡಿದ್ದ ಹರಿಹರದ ಆ ಪತ್ರವನ್ನು ಬೆರಳಿನಿಂದ ತಟ್ಟಿ, "ಇಲ್ಲಿ ಬರೆದಿದೆಯಲ್ಲ, ಯಂತ್ರದ ಮುಂದೆ ನಿಲ್ಲಿಸುವುದು ಅಪಾಯ ಅಂತ," ಎಂದರು. "ಅಯೋಗ್ಯ ಅಂತ ಬರಿ."

ಕೆಲಸ ಆಗದ ಮನುಷ್ಯನಿಗೆ ಆಗುತ್ತದೆ ಎಂದವರು, ಆಗುವ ಮನುಷ್ಯನಿಗೆ ಆಗುವುದಿಲ್ಲ ಎಂದರು. ಎರಡು ಸಲವೂ ಅವರು ಮಾವನ ಮುಖವನ್ನು ಸರಿಯಾಗಿ ನೋಡಲಿಲ್ಲ. ಪತ್ರದ ಕೊನೆಯಲ್ಲಿ ಗುಣವಾಗುವ ಮಾತೂ ಇದೆ ಎಂದು ನಾನು ತೊದಲಿದೆ. "ನೀನು ಡಾಕ್ಟರೋ ನಾನೋ?" ಎಂದರು. ನಾನು ಬರೆದೆ. ಬರೆಯದೆ ಎದ್ದು ಹೋಗಬಹುದಿತ್ತು. ನನ್ನ ಅಪ್ಪನಿಗೆ ಆಗ ಕೆಲಸವಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಅದರಿಂದ ಏನೂ ಹಗುರಾಗಿಲ್ಲ.

ಮಾವ ನನ್ನನ್ನು ದೂರಲಿಲ್ಲ. ಅತ್ತೆ ಮಾತ್ರ, ಮನೆ ಖಾಲಿ ಮಾಡಿ ಗಾಡಿಗೆ ಸಾಮಾನು ಹೇರುವಾಗ, "ನೀನಾದ್ರೂ ಅವರನ್ನ ಹತ್ತಿರದಿಂದ ಕಂಡಿದ್ದೆಯಲ್ಲಪ್ಪ," ಎಂದರು.

ಹರಿಹರದಲ್ಲಿ ಒಬ್ಬ ವಿಧವೆ ನಡೆಸುತ್ತಿದ್ದ ಹಿಟ್ಟಿನ ಗಿರಣಿಯಲ್ಲಿ ಮಾವನಿಗೆ ಕೆಲಸ ಸಿಕ್ಕಿತು. ಆ ಯಜಮಾನಿಗೆ ಓದು ಬರಹ ಇರಲಿಲ್ಲ. ಇವರ ಕಾಯಿಲೆಯ ವಿಷಯ ಅತ್ತೆ ಮುಚ್ಚಿಡದೆ ಹೇಳಿದಾಗ, "ಆಗದ ದಿನ ಬರಬ್ಯಾಡ್ರಿ, ಆದ ದಿನ ಬರ್ರಿ," ಎಂದರಂತೆ. ಹತ್ತು ವರ್ಷದಲ್ಲಿ ಎರಡು ಸಲ ಕಾಯಿಲೆ ಮರಳಿತು. ಎರಡು ಸಲವೂ ಮನೆಯಲ್ಲಿ ಕೂತು, ಗುಣವಾಗಿ, ಮತ್ತೆ ಗಿರಣಿಗೆ ಬಂದರು. ಉಳಿದಂತೆ ಆ ಬೀದಿಯ ಜೋಳ, ರಾಗಿ, ಗೋಧಿಯೆಲ್ಲ ಅವರ ಕೈಯಲ್ಲೇ ಹಿಟ್ಟಾಯಿತು. ನಾನು ಆಗಾಗ ಹೋಗುತ್ತಿದ್ದೆ. ಚಹಾ ತರಿಸಿ, ಮಿಲ್ಲಿನಲ್ಲಿ ಯಾರ ಮಗ್ಗ ಹೇಗೆ ನಡೆಯುತ್ತಿದೆ ಎಂದು ಕೇಳುತ್ತಿದ್ದರು. ಕ್ಷಮಿಸಿ ಎನ್ನಲು ಹೋದಾಗಲೆಲ್ಲ ಬೇರೆ ಮಾತು ತೆಗೆಯುತ್ತಿದ್ದರು.

ಅರವತ್ತರ ದಶಕ ಮುಗಿಯುವ ಮುಂಚೆ ಕಾಮಾಲೆಯಾಗಿ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು, ಮಿಲ್ಲಿನಲ್ಲಿ ಇನ್ನೂ 'ಅಯೋಗ್ಯ' ಎಂದೇ ಬರೆದಿದೆಯೇ ಎಂದು ಕೇಳಿದರು. ಹೌದೆಂದೆ. "ತಿದ್ದಿಸು," ಎಂದರು.

ಡಾಕ್ಟರ ಬಳಿ ಹೋದೆ. "ಸತ್ತವನಿಗೆ ಕೆಲಸ ಕೊಡಬೇಕೇನಯ್ಯಾ?" ಎಂದು ನಕ್ಕರು. ಹರಿಹರಕ್ಕೆ ಹೋಗಿ ಅತ್ತೆಗೆ ಏನು ಹೇಳಲಿ ಎಂದು ತಿಳಿಯದೆ ಸ್ಟೇಷನ್ನಿನಲ್ಲಿ ಒಂದು ಗಾಡಿ ಬಿಟ್ಟು ಇನ್ನೊಂದು ಹತ್ತಿದೆ. ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಕುಡಿಯಲು ನೀರು ಕೊಟ್ಟು, ನಾನು ಲೋಟ ಕೆಳಗಿಡುವ ತನಕ ಕಾದು, "ಮತ್ತೆ ಹೋಗು," ಎಂದರು.

ಹೋದೆ. ಆ ಡಾಕ್ಟರು ನಿವೃತ್ತರಾಗುವವರೆಗೆ ಪ್ರತಿ ವರ್ಷ, 'ಅಯೋಗ್ಯ' ಎಂದು ನಾನೇ ಬರೆದಿದ್ದ ಆ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. ಒಂದು ಸಲವೂ ತಿದ್ದಲಿಲ್ಲ. ಆದರೆ ಮೊದಲ ಸಲದ ನಂತರ ಅವರು ಮತ್ತೆ ನಗಲೂ ಇಲ್ಲ.