ಕಿವಿ ಕೊಟ್ಟು ಓಡಿಸಿದ ಕಾರು

ಆ ದಿನ ರಸ್ತೆಯಲ್ಲಿ ನಡೆದದ್ದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಕಾಣದೆ ಹೋದದ್ದೂ ಇದೆ, ಯಾಕೆಂದರೆ ನಡುವೆ ಒಂದು ಕ್ಷಣ ಕಣ್ಣು ಮುಚ್ಚಿದ್ದೆ. ಕಾರು ಓಡಿಸುತ್ತಿದ್ದವಳು ನಾನೇ.

ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೊರಟಿದ್ದೆವು, ನಾನು ಮತ್ತು ನನ್ನ ಗಂಡ. ಅಲ್ಲಿರುವ ಅವರ ಅಕ್ಕನಿಗೆ ಹುಷಾರಿರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿನ ಮೊದಲ ಮಳೆ ಬೆಳಿಗ್ಗೆ ಬಿದ್ದು ನಿಂತಿತ್ತು. ಯಾವುದೋ ಟಿಪ್ಪರಿನಿಂದ ಚೆಲ್ಲಿದ ಕೆಂಪು ಮಣ್ಣು ಒಂದು ತಿರುವಿನಲ್ಲಿ ಗಂಜಿಯಂತೆ ಹರಡಿಕೊಂಡಿತ್ತು. ಎದುರಿನಿಂದ ಬಸ್ಸು ಬಂತು. ನಾನು ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ಜಾರಿತು. ಸ್ಟೇರಿಂಗ್ ತಿರುಗಿಸಿದೆ. ಕಾರು ತಿರುಗಲಿಲ್ಲ. ಕಣ್ಣು ಮುಚ್ಚಿದ್ದು ಆಗಲೇ. ಬ್ರೇಕನ್ನು ಇನ್ನೂ ಬಲವಾಗಿ ಒತ್ತಿದೆ.

"ಬ್ರೇಕ್ ಬಿಡು" ಎಂದರು ಇವರು. ಕೂಗಲಿಲ್ಲ, ಊಟದ ಹೊತ್ತಿಗೆ ಮಜ್ಜಿಗೆ ಕೇಳುವ ದನಿಯಲ್ಲೇ ಹೇಳಿದರು. "ಬಿಡು ಮಾರಾಯ್ತಿ, ಚಕ್ರ ತಿರುಗ್ತಾ ಇಲ್ಲ."

ನನ್ನ ಕಾಲು ಅವರ ಮಾತು ಕೇಳಿತು. ಚಕ್ರ ಉರುಳಿತು, ಸ್ಟೇರಿಂಗ್ ಕೈಗೆ ಸಿಕ್ಕಿತು. ಕಾರು ಎಡಕ್ಕೆ ಹೊರಳಿ, ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿ ನಿಂತಿತು. ಬಸ್ಸು ನಮ್ಮ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಸ್ವಲ್ಪ ಮುಂದೆ ಹೋಗಿ ನಿಂತಿತು. ಕನ್ನಡಿ ಮಾತ್ರ.

ಬಸ್ಸಿನಿಂದ ಜನ ಇಳಿದು ಬಂದರು. ಒಬ್ಬಳು ಹೆಂಗಸು ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಡದೆ ಬಾಯಿಗೇ ಹಿಡಿದಳು. ಕಂಡಕ್ಟರ್ ಗಂಡಸರನ್ನು ಕಾರಿನ ಸುತ್ತ ನಿಲ್ಲಿಸಿ ಇವರ ಕಡೆ ತಿರುಗಿದ.

"ಅಣ್ಣ, ನೀವೆಂಥ ನೋಡ್ತಾ ನಿಂತದ್ದು? ಒಂದು ಕೈ ಹಾಕಿ."

"ಹಾಕ್ತೇನೆ. ಎಲ್ಲಿಗೆ ಅಂತ ನೀನು ತೋರಿಸಬೇಕು, ನನಗೆ ಕಣ್ಣು ಕಾಣುದಿಲ್ಲ."

ಕಂಡಕ್ಟರ್ ಇವರ ಕೈ ಹಿಡಿದು ಬಾನೆಟ್ಟಿನ ಮೂಲೆಗೆ ಇಟ್ಟ. ಎಲ್ಲರ ಜೊತೆ ಇವರೂ ಎತ್ತಿದರು. ಕಾರು ಮೇಲೆ ಬಂತು. ಆ ಬಸ್ಸಿನವರಲ್ಲಿ ಒಬ್ಬರ ಗುರುತೂ ನನಗಿಲ್ಲ. ದಿನಕ್ಕೊಮ್ಮೆಯಾದರೂ ಅವರ ನೆನಪಾಗುತ್ತದೆ.

ಇವರ ದೃಷ್ಟಿ ಗ್ಲೂಕೋಮಾದಿಂದ ಅಂಚಿನಿಂದ ಒಳಗೊಳಗೇ ಸಣ್ಣದಾಗುತ್ತ ಬಂದು, ಕೆಲವು ವರ್ಷಗಳ ಹಿಂದೆ ಪೂರ್ತಿ ಹೋಯಿತು. ಕಣ್ಣು ಚೆನ್ನಾಗಿದ್ದಾಗ ಕಾರು ಓಡಿಸುತ್ತಿದ್ದವರು ಅವರೇ. ನಾನು ಕಲಿತದ್ದು ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ. ಅವರು ಎಡಗಡೆಯ ಸೀಟಿಗೆ ಬಂದರು, ಕಿಟಕಿಯ ಗಾಜು ಇಳಿಸಿ ಕೂತರು, ಅಲ್ಲಿಂದಲೇ ಅರ್ಧ ಕಾರು ಓಡಿಸಿದರು. ಇಂಜಿನ್ನಿನ ಸದ್ದು ಕೇಳಿ ಗೇರ್ ಹೇಳುವವರು ಅವರು, ರಸ್ತೆ ನೋಡುವವಳು ನಾನು.

"ನರಳ್ತಾ ಉಂಟು, ಕೇಳುದಿಲ್ಲವಾ? ಎರಡಕ್ಕೆ ಇಳಿಸು."

"ಹಾಗಾದ್ರೆ ನೀವೇ ಓಡಿಸಿ."

"ಓಡಿಸ್ತೇನೆ. ಮೊದಲು ಹೋಗಿ ರಸ್ತೆಯಲ್ಲಿದ್ದವರಿಗೆಲ್ಲ ಹೇಳಿ ಬಾ."

ಪಾಣೆಮಂಗಳೂರಿನ ಸೇತುವೆ ಬಂದರೆ ಚಕ್ರದ ಸದ್ದು ಬದಲಾಗುತ್ತದೆ. ಅವರು ಅಲ್ಲಿ "ನೀರು ಎಷ್ಟುಂಟು?" ಎಂದು ಕೇಳುತ್ತಿದ್ದರು. ಪೊಳಲಿಗೆ ಹೋಗುವಾಗ ಯಾವ ತಿರುವು ಕಳೆಯಿತು, ಬೆಳ್ತಂಗಡಿಗೆ ಹೋಗುವಾಗ ಯಾವ ಏರು ಬಂತು ಎಂದು ನಾನು ಹೇಳಬೇಕಾಗಿರಲಿಲ್ಲ. ಎಷ್ಟೋ ಸಲ ಅವರೇ ನನಗೆ ಹೇಳುತ್ತಿದ್ದರು.

ಮೂಡುಬಿದಿರೆಯ ಆ ಪ್ರಯಾಣದ ನಂತರ ನಾನು ಕಾರಿನ ಕೀ ಮುಟ್ಟಲಿಲ್ಲ. ಚೆನ್ನಾಗಿಯೇ ಅಡಿಗೆ ಮಾಡಿಕೊಂಡಿದ್ದವಳು, ಹೊರಗೆ ಬಸ್ಸಿನ ಹಾರನ್ ಕೇಳಿದರೆ ಸೌಟು ಕೆಳಗೆ ಇಡುತ್ತಿದ್ದೆ. ನಮ್ಮ ಎದುರು ಮನೆಯ ಬ್ಯಾರಿ ಸಾಹೇಬರು ಬಹಳ ಕಾಲ ದುಬೈಯಲ್ಲಿದ್ದು ಬಂದವರು, ಈಗ ಮೆಲ್ಕಾರಿನಲ್ಲಿ ಅಂಗಡಿ ಇಟ್ಟಿದ್ದಾರೆ. ಕನ್ನಡಿಯಿಲ್ಲದ ಕಾರನ್ನು ಒಂದು ಸುತ್ತು ನೋಡಿ ಅವರು ಜಗಲಿಗೆ ಬಂದು ಕೂತರು.

"ಅಕ್ಕ, ಇದನ್ನು ಎಕ್ಸ್‌ಚೇಂಜಿಗೆ ಕೊಡುವ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಎಂಥದೂ ಇಲ್ಲ."

"ಇಂಜಿನ್ ಗಟ್ಟಿ ಉಂಟು ಸಾಹೇಬ್ರೆ" ಎಂದರು ಇವರು.

"ಇಂಜಿನ್ ಗಟ್ಟಿ ಉಂಟು ಅಣ್ಣ, ಒಪ್ಪಿದೆ. ನಿಮ್ಮಿಬ್ಬರ ತಲೆ ಎಷ್ಟು ಗಟ್ಟಿ ಉಂಟು ಅಂತಲೂ ನೋಡಬೇಕಾ?"

ಇವರು ನಕ್ಕರು. ನನಗೆ ನಗು ಬರಲಿಲ್ಲ.

ಆ ವಾರವೇ ಬಿ.ಸಿ.ರೋಡಿನ ಒಂದು ಶೋರೂಮಿಗೆ ಹೋದೆವು. ಹೊಸ ಕಾರನ್ನು ಓಡಿಸಿ ನೋಡಲು ನನಗೆ ಧೈರ್ಯವಾಗಲಿಲ್ಲ, ಸಾಹೇಬರೇ ಓಡಿಸಿದರು. ಅದು ಗೇರ್ ತಾನಾಗಿಯೇ ಬದಲಾಗುವ ಕಾರು. ಇವರು ಮುಂದೆ ಅವರ ಪಕ್ಕದಲ್ಲಿ ಕೂತರು, ನಾನು ಮತ್ತು ಶೋರೂಮಿನ ಹುಡುಗಿ ಹಿಂದೆ. ಎ.ಸಿ. ಹಾಕಿ ಗಾಜು ಏರಿಸಿದ್ದರು. ಒಳಗೆ ಏನೂ ಸದ್ದಿರಲಿಲ್ಲ. ಇವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆಯನ್ನು ತುಸು ಓರೆ ಮಾಡಿ ಕೂತಿದ್ದರು.

"ಮೆಲ್ಕಾರ್ ಬಂತಾ?" ಎಂದು ಕೇಳಿದರು.

ಮೆಲ್ಕಾರ್ ಕಳೆದು ಬಹಳ ಹೊತ್ತಾಗಿತ್ತು. ಮಾಣಿ ಪೇಟೆ ಹತ್ತಿರವಾಗಿತ್ತು. ಎಲ್ಲಿದ್ದೇವೆ ಎಂದು ಅವರು ಕಾರಿನಲ್ಲಿ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ಸಾಹೇಬರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ಗಾಜು ಸ್ವಲ್ಪ ಇಳಿಸಿದರು.

ಹುಡುಗಿ ತನ್ನ ಕೆಲಸ ಮಾಡುತ್ತಿದ್ದಳು. "ಸರ್, ಇದರಲ್ಲಿ ಬ್ರೇಕ್ ಎಷ್ಟು ಜೋರಾಗಿ ಒತ್ತಿದ್ರೂ ಚಕ್ರ ಲಾಕ್ ಆಗುದಿಲ್ಲ. ಅದೇ ಬಿಟ್ಟು ಬಿಟ್ಟು ಹಿಡೀತದೆ."

"ಪಕ್ಕದಲ್ಲಿದ್ದವರು ಬಿಡು ಅಂತ ಹೇಳ್ಬೇಕಂತ ಇಲ್ಲವಾ?"

"ಇಲ್ಲ ಸರ್. ಅದಕ್ಕೇ ಗೊತ್ತಾಗ್ತದೆ."

"ಒಳ್ಳೆದಾಯ್ತು" ಎಂದರು ಇವರು.

ಮನೆಗೆ ಬಂದು ನಾನು ಹೇಳಿದೆ: "ಬೇಡ. ಇದಕ್ಕೇ ಹೊಸ ಟಯರ್ ಹಾಕಿಸುವ, ಕನ್ನಡಿ ಹಾಕಿಸುವ."

"ಯಾಕೆ? ನನಗೆ ಬೇಜಾರಾಗ್ತದೆ ಅಂತವಾ?"

ನಾನು ಎದುರಿನ ಕುರ್ಚಿ ಎಳೆದು ಕೂತೆ.

"ಬೇಜಾರು ಆಗ್ತದೆ" ಎಂದರು. "ಆದ್ರೆ ನಿನಗೆ ಒಂದು ವಿಷಯ ಗೊತ್ತಿಲ್ಲ. ಅವತ್ತು ಸಿದ್ದಕಟ್ಟೆ ದಾಟುವಾಗ ನನಗೆ ತೂಕಡಿಕೆ ಬಂದಿತ್ತು. ಯಾವುದೋ ಹೊಂಡಕ್ಕೆ ನೀನು ಕಾರು ಇಳಿಸಿದೆ ನೋಡು, ಆಗ ಎಚ್ಚರ ಆದದ್ದು. ಆ ಹೊಂಡ ಇಲ್ಲದಿದ್ರೆ?"

ಅವರು ಕೈ ಚಾಚಿದರು. ನಾನು ಎಲ್ಲಿ ಕೂತಿದ್ದೇನೆಂದು ಅವರಿಗೆ ಗೊತ್ತಿತ್ತು, ನನ್ನ ಮೊಣಕೈ ಸರಿಯಾಗಿ ಸಿಕ್ಕಿತು.

"ನಾನು ಪ್ರತಿ ಸಲ ಎಚ್ಚರ ಇರ್ತೇನೆ ಅಂತ ನೀನು ಕಾರು ಓಡಿಸಬಾರದು. ತೆಗೆದುಕೊಳ್ಳುವ."

ತೆಗೆದುಕೊಂಡೆವು. ಆದರೆ ಕೈಯಿಂದಲೇ ಗೇರ್ ಹಾಕುವಂಥದ್ದು. ಅದು ನನ್ನ ಹಟ. ಹಳೆಯ ಕಾರಿನಿಂದ ಕೊಡೆ, ಟಾರ್ಚು, ಪೊಳಲಿಯ ಕುಂಕುಮದ ಪೊಟ್ಟಣ ತೆಗೆದು ಈಚೆಗೆ ಇಟ್ಟೆ. ಅದನ್ನು ಓಡಿಸಿಕೊಂಡು ಹೋಗಲು ಶೋರೂಮಿನವನು ಬಂದ. ಅವನು ಗೇಟು ದಾಟಿ ರಸ್ತೆಯಲ್ಲಿ ದೂರ ಹೋಗುವಾಗ ಇವರು "ಒಂದನೇ ಗೇರಿನಲ್ಲೇ ಹೋಗ್ತಾ ಇದ್ದಾನೆ ಪುಣ್ಯಾತ್ಮ" ಎಂದು ಗೊಣಗಿದರು. ಆ ಕಾರು ನಮ್ಮನ್ನು ಎಲ್ಲಿಯೂ ಕೈಬಿಟ್ಟಿರಲಿಲ್ಲ. ಜಾರಿದ ದಿನವೂ ಬಿಟ್ಟಿರಲಿಲ್ಲ. ಅದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಹೊಸ ಕಾರಿನಲ್ಲಿ ಮೊದಮೊದಲು ಇವರು ತಪ್ಪು ಹೇಳಿದರು. ಇಳಿಸು ಎಂದಾಗ ಇಳಿಸಿದರೆ ಇಂಜಿನ್ ಕಿರುಚುತ್ತಿತ್ತು. ಆಮೇಲೆ ಹೇಳುವುದನ್ನೇ ನಿಲ್ಲಿಸಿದರು. ನಾನು ನಿಧಾನವಾಗಿ ಓಡಿಸುತ್ತಿದ್ದೆ, ಅವರು ಸುಮ್ಮನೆ ಕೂತಿರುತ್ತಿದ್ದರು, ನೆಂಟರ ಮನೆಯ ಚಾವಡಿಯಲ್ಲಿ ಕೂತವರ ಹಾಗೆ. ಭಯ ನನ್ನನ್ನು ಬಿಡುತ್ತಾ ಬಂತು.

ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಅವರು ಕೀ ಕೇಳಿದರು. ನಾನು ಕೊಟ್ಟೆ. ಅಂಗಳದಲ್ಲಿ ನಿಂತ ಕಾರನ್ನು ಕೈಯಿಂದ ಸವರುತ್ತ ಬಲಗಡೆಯ ಬಾಗಿಲಿಗೆ ಹೋದರು, ಸ್ಟೇರಿಂಗಿನ ಮುಂದೆ ಕೂತರು. ಕಣ್ಣು ಹೋದ ಮೇಲೆ ಆ ಜಾಗದಲ್ಲಿ ಕೂತದ್ದು ಅದೇ ಮೊದಲು. ನ್ಯೂಟ್ರಲ್ ನೋಡಿಕೊಂಡರು, ಹ್ಯಾಂಡ್‌ಬ್ರೇಕ್ ಎಳೆದದ್ದನ್ನು ಇನ್ನೊಮ್ಮೆ ಎಳೆದರು, ಇಂಜಿನ್ ಚಾಲು ಮಾಡಿದರು.

"ಬಾ, ಈ ಕಡೆ ಕೂತ್ಕೋ. ಆ ಮುಳ್ಳು ಎಲ್ಲಿಗೆ ಬಂತು ಅಂತ ಹೇಳ್ತಾ ಹೋಗು."

ಇಂಜಿನ್ನಿನ ವೇಗ ತೋರಿಸುವ ಮುಳ್ಳು ಅದು. ನಾನು ಎಡಗಡೆಗೆ ಹೋಗಿ ಕೂತೆ. ಅವರು ಮೆಲ್ಲ ಆಕ್ಸಿಲರೇಟರ್ ಒತ್ತುತ್ತಿದ್ದರು, ನಾನು ಮುಳ್ಳು ನೋಡಿ ಹೇಳುತ್ತಿದ್ದೆ. ಅವರು ಒಮ್ಮೆ ಬಿಟ್ಟು, ಮತ್ತೆ ಅಷ್ಟೇ ಒತ್ತಿ, "ಇದೇ ಅಲ್ಲವಾ?" ಎನ್ನುತ್ತಿದ್ದರು. ಮೊದಲು ತಪ್ಪುತ್ತಿತ್ತು, ಆಮೇಲೆ ಕಡಿಮೆ ತಪ್ಪಿತು.

ಸದ್ದು ಕೇಳಿ ಸಾಹೇಬರು ಗೇಟಿನ ಹತ್ತಿರ ಬಂದರು. ಸ್ಟೇರಿಂಗಿನ ಮುಂದೆ ಯಾರಿದ್ದಾರೆಂದು ನೋಡಿ ಅಲ್ಲೇ ನಿಂತರು.

"ಅಣ್ಣ, ಎಲ್ಲಿಗೆ ಸವಾರಿ? ನಾನು ನಮ್ಮ ಗೇಟು ಹಾಕಿ ಬರ್ಬೇಕಾ ಹೇಗೆ?"

"ಹೆದರಬೇಡಿ ಸಾಹೇಬ್ರೆ, ಅಂಗಳ ಬಿಟ್ಟು ಹೋಗುದಿಲ್ಲ. ಇದರ ದನಿ ಪರಿಚಯ ಮಾಡಿಕೊಳ್ತಾ ಇದ್ದೇನೆ."

"ಅಲ್ಲ, ಪೆಟ್ರೋಲು ಸುಟ್ಟು ಪರಿಚಯವಾ?"

"ಮತ್ತೆಂಥ, ಚಾ ಕೊಟ್ಟರೆ ಇದು ಮಾತಾಡ್ತದಾ?"

ಸಾಹೇಬರು ನಗುತ್ತಾ ಗೇಟಿಗೆ ಒರಗಿದರು. ಇವರು ನನ್ನ ಕಡೆ ತಲೆ ಓರೆ ಮಾಡಿದರು, ಕಾಲು ಮತ್ತೆ ಮೆಲ್ಲ ಒತ್ತಿತು. ನಾನು ಮುಳ್ಳಿನ ಮೇಲೆ ಕಣ್ಣಿಟ್ಟೆ.