ಎಲೆ ಅಡಿಕೆ ಮೊದಲೋ, ಕಾಗದ ಮೊದಲೋ

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಮೊನ್ನೆ ಬೆಳಿಗ್ಗೆ ಕಿಟಕಿ ತೆಗೆದವಳಿಗೆ ಸೆಂಟ್ರಿಂಗ್ ಹಲಗೆಗೆ ಬಳಿಯುವ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಇದೇನೂ ಹೊಸದಲ್ಲ, ಹಳೇ ಮನೆ ಕೆಡವಿ ಹೊಸದು ಕಟ್ಟುವುದು ವರ್ಷವಿಡೀ ನಡೆದೇ ಇರುತ್ತದೆ. ಆದರೂ ಆ ವಾಸನೆಗೆ ನನಗೆ ಒಬ್ಬರು ಮೇಸ್ತ್ರಿಗಳು ನೆನಪಾಗುತ್ತಾರೆ, ಅವರ ಹಿಂದೆಯೇ ಆ ಹಳೆಯ ಭಯ...

ಆಗ ನನಗೆ ಇಪ್ಪತ್ಮೂರು. ಹುಣಸೂರು ರಸ್ತೆಯ ಪಕ್ಕ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು, ಅಲ್ಲಿ ಸೈಟ್ ಎಂಜಿನಿಯರ್ ಆಗಿ ನನ್ನ ಮೊದಲ ಕೆಲಸ. ಸೆಂಟ್ರಿಂಗನ್ನು, ಅಂದರೆ ಕಾಂಕ್ರೀಟಿಗೆ ಹಲಗೆ ಹೊದಿಸಿ ಕಂಬ ಕೊಟ್ಟು ಆಮೇಲೆ ಬಿಚ್ಚುವ ಕೆಲಸವನ್ನು, ಬಿಲ್ಡರ್ ಹತ್ತಿರ ಉಪಗುತ್ತಿಗೆ ಹಿಡಿದವರು ಈ ಮೇಸ್ತ್ರಿಗಳು. ಬಡಕಲು ಮೈ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಕಂಬವನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಸಡಿಲವೋ ಬಿಗಿಯೋ ಹೇಳುವುದನ್ನು ನನಗೆ ಕಲಿಸಿದ್ದು ಅವರೇ. ಕಾಲೇಜಿನಲ್ಲಿ ನಾಲ್ಕು ವರ್ಷ ಯಾರೂ ಕಲಿಸಿರಲಿಲ್ಲ.

ಕೆಲಸ ಶುರುವಾದ ದಿನ ಮೊದಲ ಕಂಬಕ್ಕೆ ಪೂಜೆ. ಬಿಲ್ಡರ್ ಎಲೆ ಅಡಿಕೆ ಹಿಡಿದು ನಿಂತಿದ್ದರು. ಮೇಸ್ತ್ರಿಗಳು ಕೈ ಚಾಚುವ ಮುಂಚೆ ಕೇಳಿದರು: "ಸ್ಲ್ಯಾಬ್ ಹಾಕಿ ಹದಿನಾಲ್ಕು ದಿನ ನನ್ನ ಕಂಬ ಯಾರೂ ಮುಟ್ಟಂಗಿಲ್ಲ. ಒಪ್ಪಿಗೇನಾ?"

"ಆಯ್ತು ಬುಡಿ ಮೇಸ್ತ್ರಿ," ಎಂದು ಬಿಲ್ಡರ್ ನಕ್ಕರು. ಮೇಸ್ತ್ರಿಗಳು ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡರು. ಅವರ ಮಟ್ಟಿಗೆ ಕರಾರು ಅಲ್ಲಿಗೆ ಆಗಿಹೋಯಿತು.

ಆಫೀಸಿನಲ್ಲಿ ಟೈಪಾದ ವರ್ಕ್ ಆರ್ಡರ್ ಬಂದದ್ದು ಹನ್ನೊಂದು ದಿನದ ಮೇಲೆ. ಅದನ್ನು ಅವರ ಕೈಗೆ ಕೊಟ್ಟವಳು ನಾನೇ. ಏನಿದು ಎಂದು ಕೇಳಿದರು. "ಆಫೀಸಿಂದು, ಇಟ್ಕೊಳ್ಳಿ," ಎಂದೆ. ಮಡಿಸಿ ಜೇಬಿಗಿಟ್ಟರು. ಸ್ಲ್ಯಾಬ್ ಹಾಕಿದ ಏಳನೇ ದಿನಕ್ಕೇ ಕಂಬ ಬಿಚ್ಚತಕ್ಕದ್ದು ಎಂಬ ಸಾಲು ಅದರೊಳಗಿತ್ತು. ಅವರು ಓದಲಿಲ್ಲ, ನಾನೂ ಓದಿರಲಿಲ್ಲ. ದೊಡ್ಡ ಎಂಜಿನಿಯರ್ ನಾನು!

ಮೊದಲ ಸ್ಲ್ಯಾಬ್ ಹಾಕಿದ ಏಳನೇ ದಿನ ಬಿಲ್ಡರ್ ಕಂಬ ಬಿಚ್ಚಿ ಮೇಲಿನ ಮಹಡಿಗೆ ಸಾಗಿಸಲು ಹೇಳಿದರು. ಮೇಸ್ತ್ರಿಗಳು ಒಪ್ಪಲಿಲ್ಲ. ಮಧ್ಯಾಹ್ನ ಬಿಲ್ಡರ್ ಬೇರೆ ಆಳುಗಳನ್ನು ಕರೆತಂದು ಹೊಡೆಸಿಯೇಬಿಟ್ಟರು. ಮೊದಲ ಕಂಬ ಬಿದ್ದಾಗ ಕಣ್ಣು ಮುಚ್ಚಿಕೊಂಡೆ. ಸ್ಲ್ಯಾಬ್ ಬೀಳಲಿಲ್ಲ. ಕಣ್ಣು ಬಿಟ್ಟಾಗ ಮೇಸ್ತ್ರಿಗಳು ತಮ್ಮವರನ್ನೆಲ್ಲ ಕರೆದುಕೊಂಡು ಗೇಟು ದಾಟುತ್ತಿದ್ದರು. ಆಮೇಲೆ ಎಷ್ಟೋ ದಿನ ಆ ಸ್ಲ್ಯಾಬಿನ ಕೆಳಗೆ ಉಸಿರು ಬಿಗಿಹಿಡಿದು ಓಡಿ ದಾಟುತ್ತಿದ್ದೆ.

ಕೆಲಸ ಅರ್ಧಕ್ಕೆ ಬಿಟ್ಟು ಓಡಿಹೋದ ಎಂದರು ಬಿಲ್ಡರ್. ಮಾತು ಮುರಿದವರು ಅವರು ಎಂದರು ಮೇಸ್ತ್ರಿಗಳು. ಕೋರ್ಟು ಬೇಡವೆಂದು ಇಬ್ಬರೂ ಒಪ್ಪಿ ಒಬ್ಬ ನಿವೃತ್ತ ಎಂಜಿನಿಯರನ್ನು ಮಧ್ಯಸ್ಥರನ್ನಾಗಿ ಮಾಡಿಕೊಂಡರು. ಓಡಿಹೋದವನೆಂಬ ಹೆಸರು ಬಂದರೆ ಮೈಸೂರಿನಲ್ಲಿ ಮತ್ತೆ ಯಾವ ಬಿಲ್ಡರೂ ಮೇಸ್ತ್ರಿಗಳನ್ನು ಕರೆಯುತ್ತಿರಲಿಲ್ಲ.

ವಿಚಾರಣೆಯ ದಿನ ಬಿಲ್ಡರ್ ನನ್ನನ್ನು ತಮ್ಮ ಕಾರಿನಲ್ಲೇ ಕರೆದೊಯ್ದರು. ದಾರಿಯಲ್ಲಿ ಬಹಳ ಮೆತ್ತಗೆ ಹೇಳಿದರು: "ಕಾಗದ ಕೆಲಸಕ್ಕೆ ಮೊದಲೇ ಕೊಟ್ಟಿದ್ದೆ ಅನ್ನಿ, ಅಷ್ಟೇ. ಆ ಸ್ಲ್ಯಾಬ್ ಸರಿಯಿದೆ ಅಂತ ರಿಜಿಸ್ಟರಲ್ಲಿ ಇರೋದು ನಿಮ್ಮ ಸೈನು ಅಲ್ವೇನಮ್ಮ?" ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ನಾಳೆ ಆ ಸ್ಲ್ಯಾಬಿಗೇನಾದರೂ ಆದರೆ ಜೈಲಿಗೆ ಹೋಗುವವಳು ನಾನು ಎಂದು ಹೊಳೆಯಿತು. ನನ್ನ ಸೈಟ್ ಡೈರಿ ಬ್ಯಾಗಿನಲ್ಲೇ ಇತ್ತು. ಕಾಗದ ಕೊಟ್ಟ ತಾರೀಖು ಅದರಲ್ಲಿ ನನ್ನದೇ ಅಕ್ಷರದಲ್ಲಿತ್ತು. ಬ್ಯಾಗನ್ನು ಎದೆಗವಚಿಕೊಂಡು ಕೂತೆ.

ದೇವರಾಜ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆ. ಮೇಸ್ತ್ರಿಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಎದ್ದು ನಿಂತು ಇಷ್ಟೇ ಹೇಳಿದರು: "ಎಲೆ ಅಡಿಕೆ ಇಸ್ಕೊಂಡಾಗ್ಲೇ ಮಾತು ಮುಗೀತು ಸ್ವಾಮಿ. ಆಮೇಲ್ ಬಂದ ಕಾಗದಕ್ಕೆ ನಾನ್ ಎಂಗೆ ಹೊಣೆ?"

ಮಧ್ಯಸ್ಥರು ತಲೆದೂಗಿದರು. ಅದು ನಿಜವಾದರೆ ಏಳು ದಿನದ ಷರತ್ತು ನಿಲ್ಲುವುದಿಲ್ಲ ಎಂದರು. ನನ್ನ ಕಡೆ ತಿರುಗಿ, "ನೀವು ಹೇಳಿಯಮ್ಮ, ಕಾಗದ ಕೊಟ್ಟದ್ದು ಕೆಲಸ ಶುರುವಾಗೋಕೆ ಮುಂಚೆಯೋ, ಆಮೇಲೋ?"

ಫ್ಯಾನು ತಿರುಗುತ್ತಿತ್ತು. ಮೇಸ್ತ್ರಿಗಳು ನನ್ನನ್ನು ನೋಡುತ್ತಿದ್ದರು, ಅವರ ಮುಖದಲ್ಲಿ ಭಯವೇ ಇರಲಿಲ್ಲ, ನಾನಿದ್ದೇನೆಂಬ ಧೈರ್ಯ...

"ನೆನಪಿಲ್ಲ ಸಾರ್," ಎಂದೆ.

ಡೈರಿ ತೆಗೆಯಿರಿ ಎಂದು ಯಾರೂ ಕೇಳಲಿಲ್ಲ. ಕಾಗದ ಆಮೇಲೆ ಬಂತೆನ್ನಲು ಸಾಕ್ಷಿಯಿಲ್ಲ, ಅದನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಿದ್ದರಿಂದ ಒಪ್ಪಿದಂತೆಯೇ, ಎಂದು ತೀರ್ಪಾಯಿತು. ಮೆಟ್ಟಿಲಿಳಿಯುವಾಗ ಮೇಸ್ತ್ರಿಗಳು ಎದುರಾದರು. ಬೈಯುತ್ತಾರೆಂದು ಗೋಡೆಗೆ ಅಂಟಿ ನಿಂತೆ. "ಮುಖ ಬಾಡೋಗದೆ. ಊಟ ಮಾಡಿ ಮೇಡಮ್ಮ," ಎಂದು ಇಳಿದು ಹೋದರು. ಆಮೇಲೆ ಅವರಿಗೆ ಸಿಕ್ಕಿದ್ದು ಸಂಪು, ಕಾಂಪೌಂಡಿನಂಥ ಚಿಲ್ಲರೆ ಕೆಲಸಗಳು ಎಂದು ಕೇಳಿದ್ದೆ.

ಮೊನ್ನೆ ಪಕ್ಕದ ಸೈಟಿಗೇ ಹೋಗಿ ವಿಚಾರಿಸಿದೆ. ಅಲ್ಲಿದ್ದವರೊಬ್ಬರು ಹಿಂದೆ ಅವರ ಗುಂಪಿನಲ್ಲಿದ್ದವರು. ಮೇಸ್ತ್ರಿಗಳು ತೀರಿಕೊಂಡು ಎರಡು ವರ್ಷವಾಯಿತಂತೆ, ಮನೆ ಇಲವಾಲದಲ್ಲಿದೆಯಂತೆ. ಅವರ ಹೆಂಡತಿಗಾದರೂ ನಿಜ ಹೇಳಿಬಿಡೋಣ ಎಂದು ಭಾನುವಾರ ಹೊರಟೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಜೋಡಿಸಿಕೊಂಡೆ.

ನಾನು ಯಾರೆಂದು ಹೇಳುತ್ತಿದ್ದಂತೆ ಆಕೆ ಎರಡೂ ಕೈ ಹಿಡಿದುಕೊಂಡರು. "ನೀವೇನಾ ಆ ಮೇಡಮ್ಮ! ನಮ್ಮನೆಯವ್ರು ಯಾವಾಗ್ಲೂ ಅನ್ನೋರು. ಅಷ್ಟ್ ಜನ ಸೇರಿ ಹೆದರ್ಸುದ್ರೂ ಆ ಮಗು ಸುಳ್ಳು ಹೇಳ್ಲಿಲ್ಲ ಕಣೇ, ಪಾಪ, ನಿಜವಾಗ್ಲೂ ಮರ್ತೋಗಿತ್ತು, ಅಂತ."

ನಾನು ಕಾಫಿ ಕುಡಿದೆ. ಮಕ್ಕಳು ಎಲ್ಲಿದ್ದಾರೆಂದು ಕೇಳಿದೆ. ಆಕೆ ಬಸ್ಸಿನವರೆಗೂ ಬಂದು, ಇನ್ನೊಂದ್ಸಲ ಬನ್ನಿ ಎಂದರು. ಇನ್ನೊಂದು ಸಲ ಹೋಗುವ ಧೈರ್ಯ ನನಗಿಲ್ಲ.